ಓದುಗರ ಪ್ರಶ್ನೋತ್ತರ: ಪೂಲ್ ಮೇಜಿನ ಮೇಲೆ ಕಣ್ಣಿನ ಲೆಕ್ಕ

ಪೂಲ್ ಮತ್ತು ಸ್ನೂಕರ್ ಆಟಗಳಲ್ಲಿ ಗುರಿ ಹಿಡಿಯುವುದರ ಕುರಿತು ಬಂದಿರುವ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹುಪಾಲು ಪತ್ರಗಳಲ್ಲಿ ತಪ್ಪಿನ ಹೊರೆಯನ್ನೆಲ್ಲ ಕಣ್ಣಿನ ಮೇಲೆ ಹೊರಿಸಲಾಗಿದೆ. ನಮ್ಮ ಅಭಿಪ್ರಾಯದಲ್ಲಿ ಕಣ್ಣಿನ ಪಾಲು ಅದರಲ್ಲಿ ಅರ್ಧದಷ್ಟೂ ಇಲ್ಲ. ಉಳಿದದ್ದು ರೇಖಾಗಣಿತಕ್ಕೂ ಚೆಂಡುಗಳ ನಡುವಿನ ಘರ್ಷಣೆಗೂ ಸೇರಬೇಕಾದದ್ದು.

ಪ್ರಶ್ನೆ: ನಿಂತು ನೋಡಿದಾಗ ಹೊಡೆತದ ಕೋನ ಸ್ಪಷ್ಟವಾಗಿರುತ್ತದೆ. ಕ್ಯೂ (ಹೊಡೆಯುವ ಕೋಲು) ಹಿಡಿದು ಬಗ್ಗಿದ ಕೂಡಲೇ ಅದೇ ಕೋನ ದೊಡ್ಡದಾದಂತೆ ತೋರಿ, ಬಿಳಿ ಚೆಂಡನ್ನು ಬಣ್ಣದ ಚೆಂಡಿಗೆ ಇನ್ನಷ್ಟು ತೆಳ್ಳಗೆ, ಅಂದರೆ ಅದರ ಅಂಚಿಗೆ ಇನ್ನೂ ಹತ್ತಿರವಾಗಿ, ತಾಗಿಸಬೇಕು ಎನಿಸುತ್ತದೆ. ಹಾಗೆ ತಿದ್ದಿಕೊಂಡು ಹೊಡೆದರೆ ತಪ್ಪುತ್ತದೆ. ಯಾವ ನೋಟವನ್ನು ನಂಬಬೇಕು? — ಮೈಸೂರಿನ ಓದುಗರು

ಉತ್ತರ: ಕೋನವನ್ನು ನಿಂತು ನೋಡಿ ನಿರ್ಧರಿಸಿ, ಗೆರೆಯನ್ನು ಬಗ್ಗಿದಾಗ ಕಾಯ್ದುಕೊಳ್ಳಿ. ಇವೆರಡೂ ಬೇರೆ ಬೇರೆ ಸಂಗತಿಗಳು. ಅವನ್ನು ಒಂದೇ ಎಂದು ತಿಳಿದಾಗಲೇ ತೊಂದರೆ ಶುರುವಾಗುತ್ತದೆ.

ಮೇಜಿನ ಹಾಸನ್ನು ನಾವು ನೇರ ಮೇಲಿನಿಂದ ನೋಡುವುದಿಲ್ಲ, ಓರೆಯಾಗಿ ನೋಡುತ್ತೇವೆ. ಓರೆಯಾಗಿ ನೋಡಿದಾಗ ಅಡ್ಡಗಲದ ಅಳತೆ ಇದ್ದಂತೆಯೇ ಉಳಿಯುತ್ತದೆ, ನಮ್ಮಿಂದ ದೂರಕ್ಕೆ ಸಾಗುವ ಅಳತೆ ಮಾತ್ರ ಕುಗ್ಗುತ್ತದೆ. ಉದ್ದ ಕುಗ್ಗಿ ಅಗಲ ಹಾಗೆಯೇ ಉಳಿದ ಮೇಲೆ, ನಮ್ಮ ಗುರಿಯ ಗೆರೆಗೂ ಬಣ್ಣದ ಚೆಂಡು ಪಾಕೆಟ್‌ನತ್ತ ಸಾಗಬೇಕಾದ ಗೆರೆಗೂ ನಡುವಿನ ಕೋನ ಹಿಗ್ಗಿ ಕಾಣುವುದು ಅನಿವಾರ್ಯ. ಲೆಕ್ಕ ಹಾಕಿ ನೋಡೋಣ. ನಿಜವಾದ ಕೋನ 30 ಡಿಗ್ರಿ ಎಂದಿಟ್ಟುಕೊಳ್ಳಿ. ನಿಂತಾಗ ನಿಮ್ಮ ಕಣ್ಣು ಮೇಜಿನಿಂದ 80 ಸೆಂಟಿಮೀಟರ್ ಮೇಲಿದ್ದು ಬಣ್ಣದ ಚೆಂಡು 1.4 ಮೀಟರ್ ಆಚೆ ಇದ್ದರೆ, ನೋಟ ಸುಮಾರು 30 ಡಿಗ್ರಿ ಕೆಳಮುಖವಾಗಿರುತ್ತದೆ. ಆಗ ಕಣ್ಣಿನೊಳಗೆ ಮೂಡುವ ಚಿತ್ರದಲ್ಲಿ ಆ ಕೋನ ಸುಮಾರು 49 ಡಿಗ್ರಿ. ಬಗ್ಗಿದಾಗ ಕಣ್ಣು 28 ಸೆಂಟಿಮೀಟರ್ ಎತ್ತರಕ್ಕೆ ಇಳಿದು ಚೆಂಡು 1.6 ಮೀಟರ್ ದೂರವಾದರೆ, ನೋಟದ ಇಳಿಜಾರು ಬರೀ 10 ಡಿಗ್ರಿ. ಚಿತ್ರದಲ್ಲಿನ ಕೋನ 70 ಡಿಗ್ರಿಯನ್ನೂ ದಾಟುತ್ತದೆ. ಮೇಜು ಆಯತಾಕಾರದ್ದು, ಅದರ ಅಂಚಿನ ಕುಷನ್‌ಗಳು ಪರಸ್ಪರ ಸಮಾನಾಂತರ ಎಂಬ ತಿಳಿವಳಿಕೆಯನ್ನು ಬಳಸಿ ಮೆದುಳು ಈ ವಿಕಾರವನ್ನು ಬಹುಮಟ್ಟಿಗೆ ತಿದ್ದುತ್ತದೆ. ಹಾಗಿಲ್ಲದಿದ್ದರೆ ಯಾರಿಂದಲೂ ಈ ಆಟ ಆಡಲಾಗುತ್ತಿರಲಿಲ್ಲ. ಆದರೆ ಪೂರ್ತಿಯಾಗಿ ತಿದ್ದುವುದಿಲ್ಲ. ಉಳಿದುಹೋದ ಆ ಶೇಷವೇ ನಿಮಗೆ ‘ಇನ್ನೂ ತೆಳ್ಳಗೆ’ ಎಂಬ ಅನುಮಾನವಾಗಿ ತೋರುತ್ತಿದೆ.

ಇನ್ನು ಗೆರೆಯ ಮಾತು. ಬಿಳಿ ಚೆಂಡಿನ ಕೇಂದ್ರದಿಂದ ಗುರಿಯ ಬಿಂದುವಿಗೆ ಎಳೆದ ಗೆರೆಯ ನೇರ ಮೇಲೆ ನಿಮ್ಮ ನೋಟವಿರುವವರೆಗೆ, ನೀವು ಎಷ್ಟೇ ಬಗ್ಗಿದರೂ ಆ ಗೆರೆ ಎಡಕ್ಕೋ ಬಲಕ್ಕೋ ವಾಲುವುದಿಲ್ಲ. ಉದ್ದದಲ್ಲಿ ಕುಗ್ಗುತ್ತದೆ, ಅಷ್ಟೆ. ಆದ್ದರಿಂದ ಮೊದಲು ಪಾಕೆಟ್‌ಗೆ ಎದುರಾಗಿ, ಬಣ್ಣದ ಚೆಂಡಿನ ಹಿಂಬದಿಯಲ್ಲಿ ನಿಂತು ತಾಗುವ ಬಿಂದುವನ್ನು ಗುರುತಿಸಿಕೊಳ್ಳಿ. ಆಮೇಲೆ ಬಿಳಿ ಚೆಂಡಿನ ಹಿಂದೆ ಬಂದು, ನಿಂತೇ ಗೆರೆಯನ್ನು ತೀರ್ಮಾನಿಸಿ, ಗದ್ದವು ಆ ಗೆರೆಯಿಂದ ಆಚೀಚೆ ಸರಿಯದಂತೆ ನೇರವಾಗಿ ಕೆಳಗಿಳಿಯಿರಿ. ಮೊದಲು ಬಗ್ಗಿ ಆಮೇಲೆ ತಲೆಯನ್ನು ಪಕ್ಕದಿಂದ ಗೆರೆಯ ಮೇಲಕ್ಕೆ ಸರಿಸಿಕೊಳ್ಳುವ ಅಭ್ಯಾಸ ಅನೇಕರಿಗಿದೆ; ಅಂಥವರಿಗೆ ನಿಂತಾಗಿನ ಗೆರೆಯೂ ಬಗ್ಗಿದಾಗಿನ ಗೆರೆಯೂ ಒಂದೇ ಆಗಿ ಕಾಣುವುದೇ ಇಲ್ಲ. ಬಗ್ಗಿದ ಮೇಲೆ ಅನುಮಾನ ಹುಟ್ಟಿದರೆ ಅಲ್ಲೇ ಕ್ಯೂ ಅಲುಗಿಸಿ ತಿದ್ದಬೇಡಿ; ಎದ್ದು ನಿಂತು ಮತ್ತೆ ಮೊದಲಿನಿಂದ ನೋಡಿ.

ಪ್ರಶ್ನೆ: ಬಣ್ಣದ ಚೆಂಡಿನ ಮೇಲೆ ತಾಗಬೇಕಾದ ಬಿಂದುವನ್ನು ಕರಾರುವಾಕ್ಕಾಗಿ ಗುರುತಿಸಿ ಅದಕ್ಕೇ ಗುರಿ ಇಡುತ್ತೇನೆ. ಆದರೂ ಸಾಮಾನ್ಯವಾಗಿ ಥಿಕ್ ಆಗಿ (ಬೇಕಾದುದಕ್ಕಿಂತ ನಡುಭಾಗಕ್ಕೆ ಹತ್ತಿರವಾಗಿ) ತಗುಲಿ, ಚೆಂಡು ಪಾಕೆಟ್‌ನ ಒಂದೇ ಪಕ್ಕದ ಅಂಚಿಗೆ ಬಡಿಯುತ್ತದೆ. ಕಣ್ಣಿನ ಡಾಕ್ಟರು ದೃಷ್ಟಿ ಸರಿಯಾಗಿದೆ ಎಂದಿದ್ದಾರೆ. ಇದು ದೃಷ್ಟಿಭ್ರಮೆಯೇ? — ಹುಬ್ಬಳ್ಳಿಯ ಓದುಗರು

ಉತ್ತರ: ಡಾಕ್ಟರು ಹೇಳಿದ್ದು ಸರಿ. ಈ ಆಟ ಕಣ್ಣಿನಿಂದ ಕೇಳುವ ಸೂಕ್ಷ್ಮತೆ ನಾವು ಊಹಿಸುವಷ್ಟು ದೊಡ್ಡದಲ್ಲ. ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್. ಪಂದ್ಯದ ಮೇಜಿನಲ್ಲಿ ಮೂಲೆ ಪಾಕೆಟ್‌ನ ಬಾಯಿ ಸುಮಾರು 115 ಮಿಲಿಮೀಟರ್, ಅಂದರೆ ಎರಡು ಚೆಂಡುಗಳ ಅಗಲ. ಪಾಕೆಟ್‌ಗೆ ಎದುರಾಗಿ ಒಂದು ಮೀಟರ್ ದೂರದಲ್ಲಿರುವ ಚೆಂಡಿನ ಕೇಂದ್ರ ಎರಡೂ ಕಡೆಗೆ 29 ಮಿಲಿಮೀಟರ್‌ನಷ್ಟು ಸರಿದರೂ ಒಳಗೆ ಬೀಳಲು ಅವಕಾಶವಿದೆ. ತಾಗುವ ಕ್ಷಣದಲ್ಲಿ ಬಿಳಿ ಚೆಂಡು ಒಂದು ಮಿಲಿಮೀಟರ್ ಪಕ್ಕಕ್ಕಿದ್ದರೆ ಬಣ್ಣದ ಚೆಂಡಿನ ದಿಕ್ಕು ನೇರ ಹೊಡೆತದಲ್ಲಿ ಒಂದು ಡಿಗ್ರಿ ತಪ್ಪುತ್ತದೆ, ಅಂದರೆ ಒಂದು ಮೀಟರ್ ಸಾಗುವಷ್ಟರಲ್ಲಿ 17 ಮಿಲಿಮೀಟರ್‌ಗಿಂತ ತುಸು ಹೆಚ್ಚು. ಹಾಗಾಗಿ ನೇರ ಹೊಡೆತದಲ್ಲಿ ಒಂದೂವರೆ ಮಿಲಿಮೀಟರ್‌ವರೆಗಿನ ತಪ್ಪು ಕ್ಷಮ್ಯ. 60 ಡಿಗ್ರಿಯ ತೆಳುವಾದ ಹೊಡೆತದಲ್ಲಿ ಅದರ ಅರ್ಧ. ಸಾಮಾನ್ಯ ದೃಷ್ಟಿಯುಳ್ಳವರು ಒಂದು ಮೀಟರ್ ದೂರದಲ್ಲಿ 0.3 ಮಿಲಿಮೀಟರ್‌ನ ಅಂತರವನ್ನು ಬೇರ್ಪಡಿಸಿ ನೋಡಬಲ್ಲರು. ಎರಡು ಗೆರೆಗಳು ಒಂದರ ನೇರಕ್ಕೊಂದು ಇವೆಯೇ ಎಂದು ತೀರ್ಮಾನಿಸುವಾಗ ಕಣ್ಣಿನ ಚುರುಕು ಅದಕ್ಕಿಂತಲೂ ಹೆಚ್ಚು. ಹೀಗಿರುವಾಗ ಕಣ್ಣಿಗೆ ಶಕ್ತಿ ಸಾಲದು ಎನ್ನುವಂತಿಲ್ಲ. ಅದನ್ನು ಎತ್ತ ನೋಡಲು ಹಚ್ಚಿದ್ದೀರಿ ಎಂಬುದೇ ಪ್ರಶ್ನೆ.

ತಾಗುವ ಬಿಂದು ಬೇರೆ, ಗುರಿ ಇಡುವ ಬಿಂದು ಬೇರೆ. ಕೇರಂ ಆಡಿದವರಿಗೆ ಇದು ಹೊಸತಲ್ಲ: ಸ್ಟ್ರೈಕರ್‌ನ ನಡುಭಾಗವನ್ನು ಕಾಯಿಯ ತಾಗುವ ಅಂಚಿಗೆ ಗುರಿ ಹಿಡಿದರೆ ಕಾಯಿ ಪಾಕೆಟ್‌ಗೆ ಹೋಗುವುದಿಲ್ಲ, ಏಕೆಂದರೆ ತಾಗುವುದು ಸ್ಟ್ರೈಕರ್‌ನ ನಡುಭಾಗವಲ್ಲ, ಅದರ ಪಕ್ಕ. ಪೂಲ್‌ನಲ್ಲಿಯೂ ಬಿಳಿ ಚೆಂಡಿನ ಕೇಂದ್ರವನ್ನು ಕಳುಹಿಸಬೇಕಾದದ್ದು, ತಾಗುವ ಗಳಿಗೆಯಲ್ಲಿ ಆ ಕೇಂದ್ರ ಇರಬೇಕಾದ ಜಾಗಕ್ಕೆ. ಆಟಗಾರರು ಇದನ್ನು ಘೋಸ್ಟ್ ಬಾಲ್ ಎನ್ನುತ್ತಾರೆ. 30 ಡಿಗ್ರಿಯ ಹೊಡೆತದಲ್ಲಿ ಈ ಜಾಗ ಬಣ್ಣದ ಚೆಂಡಿನ ನಡುಗೆರೆಯಿಂದ 28.6 ಮಿಲಿಮೀಟರ್ ಪಕ್ಕಕ್ಕಿರುತ್ತದೆ, ಸರಿಯಾಗಿ ಅದರ ಅಂಚಿನ ನೇರಕ್ಕೆ. ತಾಗುವ ಬಿಂದುವಾದರೋ ಕೇವಲ 14.3 ಮಿಲಿಮೀಟರ್ ಪಕ್ಕಕ್ಕಿರುತ್ತದೆ. ಬಿಳಿ ಚೆಂಡಿನ ಕೇಂದ್ರವನ್ನು ತಾಗುವ ಬಿಂದುವಿಗೇ ಕಳುಹಿಸಿದರೆ 30 ಡಿಗ್ರಿಗೆ ಬದಲಾಗಿ ಸುಮಾರು 14.5 ಡಿಗ್ರಿಯಲ್ಲಿ ಬಣ್ಣದ ಚೆಂಡು ಹೊರಡುತ್ತದೆ. ಕಣ್ಣಿಗೆ ಇಲ್ಲಿ ನಿಜವಾಗಿಯೂ ಒಂದು ಕಷ್ಟವಿದೆ: ಘೋಸ್ಟ್ ಬಾಲ್‌ನ ಕೇಂದ್ರ ಬರಿಯ ಗಾಳಿಯಲ್ಲಿದೆ, ಅಲ್ಲಿ ನೋಟ ನೆಡಲು ಏನೂ ಇಲ್ಲ. ಪಕ್ಕದಲ್ಲೇ ಹೊಳೆಯುವ ಚೆಂಡಿರುವಾಗ ನೋಟ ಅದರತ್ತ ಜಾರುತ್ತದೆ, ಹೊಡೆತ ಥಿಕ್ ಆಗುತ್ತದೆ.

ಆದರೆ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದಾಗ ನಮಗೆ ಬೇರೆ ಅನುಮಾನ ಬರುತ್ತದೆ. ಮೇಲೆ ಹೇಳಿದ ತಪ್ಪನ್ನು ಪೂರ್ತಿಯಾಗಿ ಮಾಡುತ್ತಿದ್ದರೆ ಚೆಂಡು ಒಂದು ಮೀಟರ್ ಆಚೆಯ ಪಾಕೆಟ್‌ನಿಂದ ಒಂದು ಗೇಣಿಗೂ ಹೆಚ್ಚು ದೂರ ಹೋಗಬೇಕಿತ್ತು. ನಿಮ್ಮದು ಪಾಕೆಟ್‌ನ ಅಂಚಿಗೆ ಬಡಿಯುತ್ತಿದೆ, ಅಂದರೆ ತಪ್ಪು ಎರಡು ಮೂರು ಡಿಗ್ರಿ. ಅಷ್ಟು ತಪ್ಪಿಗೆ ಘರ್ಷಣೆಯೊಂದೇ ಸಾಕು. ಎರಡು ಚೆಂಡುಗಳು ಓರೆಯಾಗಿ ತಾಗುವಾಗ ಬಿಳಿ ಚೆಂಡಿನ ಮೈ ಬಣ್ಣದ ಚೆಂಡಿನ ಮೈಯನ್ನು ಉಜ್ಜಿ, ತಾನು ಹೋಗುವ ಕಡೆಗೆ ಅದನ್ನು ತುಸು ಎಳೆದೊಯ್ಯುತ್ತದೆ. ಇದಕ್ಕೆ ಥ್ರೋ ಎಂದು ಹೆಸರು. ನಿಧಾನವಾದ ಹೊಡೆತದಲ್ಲಿ, ಬಿಳಿ ಚೆಂಡು ಉರುಳದೆ ಜಾರುತ್ತ ಬಂದು ಅರ್ಧ ಚೆಂಡಿನಷ್ಟು ತಾಗಿದಾಗ ಇದು ನಾಲ್ಕೈದು ಡಿಗ್ರಿಯವರೆಗೂ ಹೋಗುತ್ತದೆ; ಚೆಂಡುಗಳ ಮೇಲೆ ಚಾಕ್ ಪುಡಿಯೂ ಕೈಯ ಜಿಡ್ಡೂ ಅಂಟಿದ್ದರೆ ಇನ್ನೂ ಹೆಚ್ಚು. ಕಣ್ಣು ಸರಿಯಾದ ಜಾಗವನ್ನೇ ತೋರಿಸಿದರೂ ಚೆಂಡು ಥಿಕ್ ಆಗಿ ತಗುಲಿದಂತೆಯೇ ಸಾಗುತ್ತದೆ.

ಯಾವುದು ಕಾರಣ ಎಂದು ಪತ್ತೆ ಹಚ್ಚುವುದು ಕಷ್ಟವಲ್ಲ. ಬಣ್ಣದ ಚೆಂಡಿನ ಹಿಂಬದಿಗೆ, ಪಾಕೆಟ್‌ನ ನೇರಕ್ಕೆ ಬರುವಂತೆ ಇನ್ನೊಂದು ಚೆಂಡನ್ನು ತಾಗಿಸಿಟ್ಟು, ಅದು ಕುಳಿತ ಜಾಗದಲ್ಲಿ ತೆಳುವಾದ ಕಾಗದದ ಚೂರನ್ನು ಬಿಟ್ಟು ಚೆಂಡನ್ನು ತೆಗೆಯಿರಿ. ಈಗ ಬಿಳಿ ಚೆಂಡನ್ನು ಆ ಚೂರಿನ ಮೇಲೆಯೇ ಕಳುಹಿಸಲು ನೋಡಿ. ಚೂರು ಕಾಣುವಾಗ ಚೆಂಡು ಬೀಳುತ್ತಿದ್ದು, ಅದನ್ನು ತೆಗೆದಾಗ ತಪ್ಪುತ್ತಿದ್ದರೆ ದೋಷ ನಿಮ್ಮ ಕಲ್ಪನೆಯ ಜಾಗದಲ್ಲಿದೆ. ಚೂರು ಇದ್ದಾಗಲೂ ಥಿಕ್ ಆಗಿಯೇ ಹೋದರೆ, ಅದೇ ಹೊಡೆತವನ್ನು ಜೋರಾಗಿ ಹೊಡೆದು ನೋಡಿ. ತಪ್ಪು ಕಡಿಮೆಯಾದರೆ ಅದು ಥ್ರೋ. ಆಗ ಚೆಂಡುಗಳನ್ನು ಒರೆಸಿ, ನಿಧಾನದ ಹೊಡೆತಗಳಿಗೆ ಕೂದಲೆಳೆಯಷ್ಟು ತೆಳ್ಳಗೆ ಗುರಿ ಇಡುವುದನ್ನು ರೂಢಿಸಿಕೊಳ್ಳಿ.

ಪ್ರಶ್ನೆ: ನಾವು ಆಡುವ ಪಾರ್ಲರ್‌ನಲ್ಲಿ ಬಿಳಿ ಚೆಂಡು ಉಳಿದವಕ್ಕಿಂತ ದೊಡ್ಡದಾಗಿ, 8ನೇ ನಂಬರಿನ ಕಪ್ಪು ಚೆಂಡು ಚಿಕ್ಕದಾಗಿ ಕಾಣುತ್ತದೆ. ಇದು ಭ್ರಮೆಯೇ? — ಶಿವಮೊಗ್ಗದ ಓದುಗರು

ಉತ್ತರ: ಭ್ರಮೆಯೂ ಇರಬಹುದು, ನಿಜವೂ ಇರಬಹುದು. ಕಡು ಹಿನ್ನೆಲೆಯ ಮೇಲಿನ ತಿಳಿ ಬಣ್ಣದ ವಸ್ತು ತನ್ನ ಗಾತ್ರಕ್ಕಿಂತ ತುಸು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಗೆಲಿಲಿಯೊ ಗ್ರಹಗಳನ್ನು ನೋಡುತ್ತಲೇ ಗಮನಿಸಿದ್ದ. 19ನೇ ಶತಮಾನದಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನು ವಿವರವಾಗಿ ಚರ್ಚಿಸಿದ. ಬೆಳಕಿನ ಸಂಕೇತವನ್ನು ಒಯ್ಯುವ ನರಕೋಶಗಳೂ ಕತ್ತಲೆಯ ಸಂಕೇತವನ್ನು ಒಯ್ಯುವ ನರಕೋಶಗಳೂ ಒಂದೇ ಅನುಪಾತದಲ್ಲಿ ಸ್ಪಂದಿಸುವುದಿಲ್ಲ ಎಂಬುದನ್ನು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೆ ಕಾರಣವಾಗಿ ತೋರಿಸಿತು. ಆದರೆ ನಾಣ್ಯ ಹಾಕಿ ಆಡುವ ಕೆಲವು ಮೇಜುಗಳಲ್ಲಿ, ಬಿಳಿ ಚೆಂಡು ಮಾತ್ರ ಹಿಂದಿರುಗಿ ಬರಲೆಂದು ಅದನ್ನು ನಿಜವಾಗಿಯೂ ಬೇರೆ ಗಾತ್ರದಲ್ಲಿ ಮಾಡಿರುತ್ತಾರೆ. ಬ್ರಿಟನ್ನಿನ ಪಬ್‌ಗಳ ಪೂಲ್‌ನಲ್ಲಂತೂ ಬಿಳಿ ಚೆಂಡು ಉಳಿದವಕ್ಕಿಂತ ಚಿಕ್ಕದು. ಎರಡು ಚೆಂಡುಗಳನ್ನು ಅಕ್ಕಪಕ್ಕ ಇಟ್ಟು ಮೇಲೆ ಒಂದು ಸ್ಕೇಲ್ ಅಡ್ಡಲಾಗಿಟ್ಟರೆ ಸಂದೇಹ ತೀರುತ್ತದೆ.

ಗಾತ್ರದ ಬಗ್ಗೆ ಒಂದು ಮಾತು ಸೇರಿಸಬಹುದು. ಎರಡೂ ಚೆಂಡುಗಳು ಸಮವಾಗಿದ್ದರೆ, ಅರ್ಧ ಚೆಂಡು ಮುಚ್ಚುವ ಹೊಡೆತ 57.15 ಮಿಲಿಮೀಟರ್‌ನ ಪೂಲ್ ಚೆಂಡಿನಲ್ಲಿಯೂ 52.5 ಮಿಲಿಮೀಟರ್‌ನ ಸ್ನೂಕರ್ ಚೆಂಡಿನಲ್ಲಿಯೂ 30 ಡಿಗ್ರಿಯ ಕೋನವನ್ನೇ ಕೊಡುತ್ತದೆ. ಎರಡೂ ಆಟ ಆಡುವವರು ‘ಇಷ್ಟು ಮಿಲಿಮೀಟರ್ ಪಕ್ಕಕ್ಕೆ’ ಎಂದು ಎಣಿಸದೆ ಕಾಲು, ಅರ್ಧ, ಮುಕ್ಕಾಲು ಎಂದು ಎಣಿಸಿದರೆ ಮೇಜು ಬದಲಾಯಿಸಿದಾಗ ಕಣ್ಣಿಗೆ ಗೊಂದಲ ಕಡಿಮೆ. ಆದರೂ ಒಂದು ಎಚ್ಚರಿಕೆ ಬೇಕು: ಹತ್ತಿರದ ಬಿಳಿ ಚೆಂಡು ದೂರದ ಚೆಂಡಿಗಿಂತ ಯಾವಾಗಲೂ ದೊಡ್ಡದಾಗಿ ಕಾಣುವುದರಿಂದ, ‘ಬಿಳಿ ಚೆಂಡು ಎಷ್ಟು ಮುಚ್ಚುತ್ತದೆ’ ಎಂದು ಕಣ್ಣಿಗೆ ಕಂಡ ಚಿತ್ರದಿಂದಲೇ ಅಳೆದರೆ ಲೆಕ್ಕ ಕೆಡುತ್ತದೆ. ಬಿಳಿ ಚೆಂಡಿನ ಕೇಂದ್ರದಿಂದ ಹೊರಟ ಒಂದೇ ಗೆರೆ ಬಣ್ಣದ ಚೆಂಡಿನ ಎಲ್ಲಿಗೆ ಬೀಳುತ್ತದೆ ಎಂದು ನೋಡಿ.

ಪ್ರಶ್ನೆ: ನಾನು ಬಲಗೈಯವನು, ಆದರೆ ಪ್ರಬಲವಾದ ಕಣ್ಣು (ಗುರಿ ನೋಡುವಾಗ ಮೆದುಳು ಹೆಚ್ಚು ನೆಚ್ಚುವ ಕಣ್ಣು) ಎಡದ್ದು. ಕ್ಯೂ ಆ ಕಣ್ಣಿನ ಕೆಳಗೇ ಇರಬೇಕು ಎಂದು ಒಬ್ಬರು, ಗದ್ದದ ನಡುವೆ ಇರಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. — ಮಂಗಳೂರಿನ ಓದುಗರು

ಉತ್ತರ: ಇಬ್ಬರೂ ಒಂದು ನಿಯಮವನ್ನು ಎಲ್ಲರಿಗೂ ಹೊಂದಿಸಲು ಹೊರಟಿದ್ದಾರೆ. 1927ರಿಂದ 1946ರವರೆಗೆ 15 ಬಾರಿ ವಿಶ್ವ ಸ್ನೂಕರ್ ಪಟ್ಟ ಗೆದ್ದ ಜೋ ಡೇವಿಸ್‌ಗೆ ಬಲಗಣ್ಣಿನ ದೃಷ್ಟಿ ತೀರ ಮಂದವಾಗಿತ್ತು. ಆತ ಕ್ಯೂವನ್ನು ಎಡಗಣ್ಣಿನ ಕೆಳಗೆ ಓಡಿಸುತ್ತಿದ್ದ. ಅವನಿಗೆ ಅದು ಅಗತ್ಯವಾಗಿತ್ತು. ಎರಡೂ ಕಣ್ಣು ಚೆನ್ನಾಗಿರುವವರಿಗೆ, ಎರಡನ್ನೂ ತೆರೆದು ನೋಡಿದಾಗ ನೇರವಾದ ಗೆರೆ ನೇರವಾಗಿ ಕಾಣುವ ತಲೆಯ ನೆಲೆ ಪ್ರಬಲ ಕಣ್ಣಿನ ಕೆಳಗೂ ಇರಬಹುದು, ಎರಡು ಕಣ್ಣುಗಳ ನಡುವೆ ಎಲ್ಲಿಯಾದರೂ ಇರಬಹುದು. ಪೂಲ್‌ನ ಭೌತಶಾಸ್ತ್ರದ ಬಗ್ಗೆ ಬಹಳ ಬರೆದಿರುವ, ಅಮೆರಿಕದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಡೇವ್ ಆಲ್ಸಿಯಾಟೋರ್ ಇದನ್ನು ದೃಷ್ಟಿಕೇಂದ್ರ ಎಂದು ಕರೆದು, ಪ್ರತಿಯೊಬ್ಬರೂ ತಮ್ಮದನ್ನು ತಾವೇ ಹುಡುಕಿಕೊಳ್ಳಬೇಕೆನ್ನುತ್ತಾರೆ.

ತಲೆ ಗೆರೆಯಿಂದ ಸರಿದರೆ ಆಗುವ ನಷ್ಟವೇನು? ನೇರವಾದ ಗೆರೆ ಯಾವ ಕಡೆಯಿಂದ ನೋಡಿದರೂ ನೇರವೇ. ಆದರೆ ಚೆಂಡಿನ ಕೇಂದ್ರ ನಮಗೆ ಕಾಣುವಂಥದ್ದಲ್ಲ, ದುಂಡಗಿನ ಹೊರಗೆರೆಯಿಂದ ಊಹಿಸುವಂಥದ್ದು. ಊಹಿಸುವಾಗ ನಮ್ಮ ಕಣ್ಣಿಗೆ ಎದುರಾದ ಬಿಂದುವನ್ನೇ ಕ್ಯೂವಿಗೆ ಎದುರಾದ ಬಿಂದು ಎಂದು ತಿಳಿಯುತ್ತೇವೆ. ಕಣ್ಣು ಮೂರು ಸೆಂಟಿಮೀಟರ್ ಪಕ್ಕಕ್ಕಿದ್ದು ಬಿಳಿ ಚೆಂಡು 65 ಸೆಂಟಿಮೀಟರ್ ದೂರವಿದ್ದರೆ ಈ ಎರಡು ಬಿಂದುಗಳ ನಡುವೆ ಒಂದು ಮಿಲಿಮೀಟರ್‌ಗಿಂತ ತುಸು ಹೆಚ್ಚು ಅಂತರವಿರುತ್ತದೆ. ನಡುವಿಗೇ ಹೊಡೆದೆ ಎಂದುಕೊಂಡು ನಿಮಗೇ ತಿಳಿಯದಂತೆ ಚೆಂಡಿಗೆ ಸೈಡ್ ಸ್ಪಿನ್ ಕೊಡುತ್ತಿರುತ್ತೀರಿ, ಆ ತಿರುಗುವಿಕೆ ಬಣ್ಣದ ಚೆಂಡಿನ ದಿಕ್ಕನ್ನೂ ಕೆಡಿಸುತ್ತದೆ.

ಪರೀಕ್ಷೆ ಹೀಗೆ. ಮೇಜಿನ ಉದ್ದಕ್ಕೆ ಒಂದು ದಾರವನ್ನು ಬಿಗಿಯಾಗಿ ಎಳೆದು, ಅದರ ಮೇಲೆ ಕ್ಯೂವನ್ನು ನೇರವಾಗಿ ಇರಿಸಿ, ಸ್ನೇಹಿತರೊಬ್ಬರು ಅದನ್ನು ಅಲುಗದಂತೆ ಹಿಡಿದಿರಲಿ. ನೀವು ಬಗ್ಗಿ ತಲೆಯನ್ನು ನಿಧಾನವಾಗಿ ಎಡಬಲಕ್ಕೆ ಸರಿಸಿ. ಕ್ಯೂ ಮತ್ತು ದಾರ ಒಂದೇ ಗೆರೆಯಾಗಿ ಕಂಡ ಕಡೆ ನಿಲ್ಲಿ. ಕ್ಯೂ ಆಗ ಗದ್ದದ ಯಾವ ಭಾಗದ ಕೆಳಗಿದೆ ಎಂಬುದನ್ನು ಸ್ನೇಹಿತರು ಹೇಳಬಲ್ಲರು. ಅದು ನಿಮ್ಮ ಜಾಗ. ಬೇರೆ ಬೇರೆ ದಿನಗಳಲ್ಲಿ ಮತ್ತೆ ನೋಡಿ ಅದೇ ಬಂದರೆ ನಿಶ್ಚಿಂತೆಯಿಂದ ಇಟ್ಟುಕೊಳ್ಳಿ.

ಪ್ರಶ್ನೆ: ಆಟ ಕೈಹಿಡಿದ ದಿನ ಪಾಕೆಟ್ ದೊಡ್ಡದಾಗಿ ಕಾಣುತ್ತದೆ, ಕೈಕೊಟ್ಟ ದಿನ ಚಿಕ್ಕದಾಗಿ. ಪಾಕೆಟ್ ದೊಡ್ಡದಾಗಿ ಕಾಣುವಂತೆ ಏನಾದರೂ ಮಾಡಿದರೆ ಆಟ ಸುಧಾರಿಸುತ್ತದೆಯೇ? — ಬೆಳಗಾವಿಯ ಓದುಗರು

ಉತ್ತರ: ಈ ಪ್ರಶ್ನೆಯನ್ನು ಮನೋವಿಜ್ಞಾನಿಗಳು ಗಾಲ್ಫ್ ಆಟದಲ್ಲಿ ಕೇಳಿದ್ದಾರೆ. ಜೆಸಿಕಾ ವಿಟ್ ಮತ್ತು ಸಂಗಡಿಗರು 2008ರಲ್ಲಿ, ಆಟ ಮುಗಿಸಿ ಬಂದ ಗಾಲ್ಫ್ ಆಟಗಾರರಿಗೆ ಬೇರೆ ಬೇರೆ ಗಾತ್ರದ ವೃತ್ತಗಳನ್ನು ತೋರಿಸಿ ಕುಳಿಯ ಗಾತ್ರ ಯಾವುದೆಂದು ಆರಿಸಲು ಹೇಳಿದರು; ಅಂದು ಚೆನ್ನಾಗಿ ಆಡಿದವರು ದೊಡ್ಡ ವೃತ್ತವನ್ನು ಆರಿಸುವ ಪ್ರವೃತ್ತಿ ಕಂಡುಬಂತು. 2012ರಲ್ಲಿ ಅವರು ಎಬ್ಬಿಂಗ್‌ಹೌಸ್ ಭ್ರಮೆಯನ್ನು ಬಳಸಿದರು. ಸಣ್ಣ ವೃತ್ತಗಳು ಸುತ್ತುವರಿದ ವೃತ್ತವೊಂದು, ದೊಡ್ಡ ವೃತ್ತಗಳು ಸುತ್ತುವರಿದ ಅಷ್ಟೇ ಗಾತ್ರದ ವೃತ್ತಕ್ಕಿಂತ ದೊಡ್ಡದಾಗಿ ಕಾಣುವುದೇ ಆ ಭ್ರಮೆ. ಕುಳಿಯ ಸುತ್ತ ಸಣ್ಣ ವೃತ್ತಗಳನ್ನು ಮೂಡಿಸಿದಾಗ ಚೆಂಡುಗಳು ಹೆಚ್ಚು ಬಿದ್ದವು ಎಂದು ಅವರು ವರದಿ ಮಾಡಿದರು. ಪತ್ರಿಕೆಗಳು ಇದನ್ನು ಬಹಳ ಉತ್ಸಾಹದಿಂದ ಹಂಚಿದವು. (ವಿಟ್ ಅವರೂ ಈಗ ಕೊಲರಾಡೋ ಸ್ಟೇಟ್‌ನಲ್ಲಿಯೇ ಇದ್ದಾರೆ, ಗುರಿಯ ವಿಷಯದಲ್ಲಿ ಆ ಊರಿನ ಗಾಳಿಯಲ್ಲೇ ಏನೋ ಇದ್ದಂತಿದೆ.) ಆದರೆ ಬೇರೆಯವರು ಮುಂದೆ ನಡೆಸಿದ ಪ್ರಯೋಗಗಳಲ್ಲಿ ಇಂಥ ಫಲ ಸ್ಥಿರವಾಗಿ ದೊರೆತಿಲ್ಲ.

ಫಲ ಏಕೆ ದುರ್ಬಲವಾಗಿರಬಹುದು ಎಂಬುದಕ್ಕೆ ಒಂದು ಸುಳಿವು 1995ರಷ್ಟು ಹಿಂದೆಯೇ ಸಿಕ್ಕಿತ್ತು. ಇದೇ ಭ್ರಮೆಯ ನಡುವೆ ಇಟ್ಟ ಬಿಲ್ಲೆಯನ್ನು ಬೆರಳುಗಳಿಂದ ಎತ್ತಿಕೊಳ್ಳಲು ಹೇಳಿದಾಗ, ಬಿಲ್ಲೆಯ ಗಾತ್ರದ ಬಗ್ಗೆ ಜನರ ತೀರ್ಪು ಮೋಸಹೋದಷ್ಟು ಅವರ ಬೆರಳುಗಳ ಅಂತರ ಮೋಸಹೋಗಲಿಲ್ಲ ಎಂದು ಆಲಿಯೋಟಿ, ಡಿಸೋಜ ಮತ್ತು ಗುಡೇಲ್ ತೋರಿಸಿದರು. ನೋಡಿ ಹೇಳುವುದಕ್ಕೂ ನೋಡಿ ಮಾಡುವುದಕ್ಕೂ ಮೆದುಳಿನಲ್ಲಿ ಬೇರೆ ಬೇರೆ ಹಾದಿಗಳಿವೆ ಎಂಬ ವಾದಕ್ಕೆ ಇದು ಬಲ ಕೊಟ್ಟಿತು. ಆ ವಾದದ ಮೇಲಿನ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮ ತೀರ್ಪು ಇಷ್ಟು: ಪಾಕೆಟ್ ದೊಡ್ಡದಾಗಿ ಕಾಣುವುದು ಬಹುಮಟ್ಟಿಗೆ ಚೆನ್ನಾಗಿ ಆಡಿದ್ದರ ಫಲ, ಚೆನ್ನಾಗಿ ಆಡುವುದಕ್ಕೆ ಉಪಾಯವಲ್ಲ. ಅದಕ್ಕಿಂತ ನಿಜವಾದ ಗಾತ್ರವ್ಯತ್ಯಾಸ ಬೇರೆಡೆ ಇದೆ. ನಡುಪಾಕೆಟ್‌ನ ಬಾಯಿ ಮೂಲೆಯದಕ್ಕಿಂತ ತುಸು ಅಗಲ, ಸುಮಾರು 127 ಮಿಲಿಮೀಟರ್. ಆದರೆ ಕುಷನ್ನಿಗೆ ಸಮೀಪದಿಂದ ಓರೆಯಾಗಿ ಬರುವ ಚೆಂಡಿಗೆ ಆ ಬಾಯಿ ಮುಚ್ಚಿದಷ್ಟೇ ಸರಿ. ಚೆಂಡಿನ ಹಿಂದೆ ನಿಂತು ಪಾಕೆಟ್‌ನ ತೆರೆದ ಭಾಗದ ನಡುವನ್ನು ಹುಡುಕಿ; ಅದು ಪಾಕೆಟ್‌ನ ನಡುವೇ ಆಗಿರಬೇಕೆಂದಿಲ್ಲ.

ಪ್ರಶ್ನೆ: ಮನೋವಿಜ್ಞಾನದ ತರಗತಿಯಲ್ಲಿ ಪೊಗ್ಗೆನ್‌ಡಾರ್ಫ್ ಭ್ರಮೆಯ ಬಗ್ಗೆ ಕಲಿತೆವು. ಪೂಲ್‌ನಲ್ಲಿ ಕ್ಯೂವಿನ ಗೆರೆ ಬಿಳಿ ಚೆಂಡಿನ ಹಿಂದೆ ಮರೆಯಾಗಿ ಮುಂದುವರಿಯುವುದು ಅದೇ ಅಲ್ಲವೇ? — ಧಾರವಾಡದ ವಿದ್ಯಾರ್ಥಿನಿ

ಉತ್ತರ: ಜಾಣ ಪ್ರಶ್ನೆ. ಇತರ ಓದುಗರಿಗಾಗಿ ಹೇಳುವುದಾದರೆ, ಓರೆಯಾದ ಗೆರೆಯೊಂದು ಅಗಲವಾದ ಪಟ್ಟಿಯ ಹಿಂದೆ ಹೊಕ್ಕು ಆಚೆ ಹೊರಬಂದರೆ, ಆಚೆಯ ತುಂಡು ಈಚೆಯ ತುಂಡಿನ ನೇರಕ್ಕಿಲ್ಲವೆಂದು ತೋರುತ್ತದೆ. ಜರ್ಮನ್ ಭೌತವಿಜ್ಞಾನಿ ಪೊಗ್ಗೆನ್‌ಡಾರ್ಫ್ 1860ರಲ್ಲಿ ಇದನ್ನು ಗಮನಿಸಿದ. ಆದರೆ ಗೆರೆ ಪಟ್ಟಿಯನ್ನು ಲಂಬವಾಗಿ ದಾಟಿದರೆ ಭ್ರಮೆ ಇಲ್ಲವಾಗುತ್ತದೆ. ಸರಿಯಾಗಿ ಬಗ್ಗಿದ ಆಟಗಾರ್ತಿಗೆ ಕ್ಯೂವಿನ ಗೆರೆ ತನ್ನ ಮುಂದೆ ನೆಟ್ಟಗೆ ಸಾಗಿ ದುಂಡಗಿನ ಚೆಂಡನ್ನು ನಟ್ಟನಡುವೆ ಸಂಧಿಸುತ್ತದೆ, ಆದ್ದರಿಂದ ಅಲ್ಲಿ ಈ ಭ್ರಮೆಗೆ ಎಡೆ ಕಡಿಮೆ. ಅದರ ಅಪಾಯವಿರುವುದು ಮೇಜಿನ ಪಕ್ಕದಲ್ಲಿ ನಿಂತು, ಬಣ್ಣದ ಚೆಂಡಿನ ಹಾದಿ ನಡುವಿನ ಇನ್ನೊಂದು ಚೆಂಡಿಗೆ ತಗುಲದೆ ಪಾಕೆಟ್ ಮುಟ್ಟೀತೇ ಎಂದು ಅಂದಾಜು ಮಾಡುವಾಗ. ಆಗ ಗೆರೆ ಓರೆಯಾಗಿಯೇ ಕಾಣುತ್ತದೆ, ಅಡ್ಡ ಬಂದ ಚೆಂಡು ಅದನ್ನು ತುಂಡರಿಸಿಯೂ ಇರುತ್ತದೆ. ನಾಲ್ಕು ಹೆಜ್ಜೆ ನಡೆದು ಗೆರೆಯ ತುದಿಯಿಂದ ನೋಡಿದರೆ ಭ್ರಮೆ ತಾನೇ ಕಳಚುತ್ತದೆ.

ಪ್ರಶ್ನೆ: ಕನ್ನಡಕ ಹಾಕಿಕೊಂಡು ಬಗ್ಗಿದರೆ ಅದರ ಮೇಲಿನ ಅಂಚು ಅಡ್ಡ ಬರುತ್ತದೆ, ದೂರದ ಚೆಂಡು ಕದಲಿದಂತೆ ಕಾಣುತ್ತದೆ. — ದಾವಣಗೆರೆಯ ಓದುಗರು

ಉತ್ತರ: ಬಗ್ಗಿದಾಗ ನೀವು ಮಸೂರದ ನಡುವಿನಿಂದ ನೋಡುತ್ತಿಲ್ಲ, ಮೇಲ್ತುದಿಯಿಂದ ನೋಡುತ್ತಿದ್ದೀರಿ. ನಡುವಿನಿಂದ ಸರಿದು ನೋಡಿದರೆ ಮಸೂರ ಪಟ್ಟಕದಂತೆ ವರ್ತಿಸಿ ಇಡೀ ದೃಶ್ಯವನ್ನು ಸರಿಸುತ್ತದೆ: 3 ಡಯಾಪ್ಟರ್ ಪವರ್‌ನ ಮಸೂರದಲ್ಲಿ ನಡುವಿನಿಂದ ಅರ್ಧ ಸೆಂಟಿಮೀಟರ್ ಸರಿದರೆ ಒಂದು ಮೀಟರ್ ದೂರದಲ್ಲಿ ಒಂದೂವರೆ ಸೆಂಟಿಮೀಟರ್. ಮೇಲೆ ಕೆಳಗೆ ಸರಿದರೆ ಗುರಿಗೆ ಬಾಧಕವಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಮಸೂರದ ಬದಿಯಿಂದ ನೋಡುವವರಿಗೆ ತೊಂದರೆ ಹೆಚ್ಚು. ಹತ್ತಿರಕ್ಕೂ ದೂರಕ್ಕೂ ಒಂದೇ ಗಾಜಿನಲ್ಲಿ ಪವರ್ ಬದಲಾಗುವ ಪ್ರೊಗ್ರೆಸಿವ್ ಮಸೂರಗಳು ಅಂಚುಗಳಲ್ಲಿ ನೇರ ಗೆರೆಗಳನ್ನೇ ಬಾಗಿಸುತ್ತವೆ. ಈ ಆಟಕ್ಕೆ ಅವು ಬೇಡ.

ಉತ್ತರ ಐರ್ಲೆಂಡಿನ ಸ್ನೂಕರ್ ಆಟಗಾರ ಡೆನಿಸ್ ಟೇಲರ್ ಇದೇ ಕಾರಣಕ್ಕೆ, ತಲೆಕೆಳಗಾಗಿ ಹಾಕಿಕೊಂಡಂತೆ ಕಾಣುವ ದೊಡ್ಡ ಗಾಜಿನ ಕನ್ನಡಕವನ್ನು ಧರಿಸಿ ಆಡಿದರು. ಅದನ್ನು ಮಾಡಿಕೊಟ್ಟವರು ಸ್ವತಃ ಬಿಲಿಯರ್ಡ್ಸ್ ಆಟಗಾರರಾಗಿದ್ದ ವೀಕ್ಷಕ ವಿವರಣೆಕಾರ ಜ್ಯಾಕ್ ಕಾರ್ನೆಮ್. 1985ರ ವಿಶ್ವ ಫೈನಲ್‌ನಲ್ಲಿ ಸ್ಟೀವ್ ಡೇವಿಸ್ ವಿರುದ್ಧ 18–17ರಿಂದ, ಕೊನೆಯ ಕಪ್ಪು ಚೆಂಡಿನ ಮೇಲೆ ಟೇಲರ್ ಗೆದ್ದಾಗ ಆ ಕನ್ನಡಕವೂ ಪ್ರಸಿದ್ಧವಾಯಿತು. ನಿಮ್ಮ ಕನ್ನಡಕದ ಅಂಗಡಿಯಲ್ಲಿ ಅಷ್ಟು ವಿಚಿತ್ರವಾದದ್ದನ್ನು ಕೇಳಬೇಕಿಲ್ಲ: ಎತ್ತರವಾದ ಚೌಕಟ್ಟನ್ನು ಆರಿಸಿ, ಬಗ್ಗಿದ ಭಂಗಿಯಲ್ಲಿ ನೀವು ನೋಡುವ ಜಾಗಕ್ಕೆ ಮಸೂರದ ನಡುವನ್ನು ಏರಿಸಿ ಕೂರಿಸಲು ಹೇಳಿ. ಕಾಂಟ್ಯಾಕ್ಟ್ ಲೆನ್ಸ್ ಒಗ್ಗುವವರಿಗೆ ಈ ತಾಪತ್ರಯವೇ ಇಲ್ಲ.

ಪ್ರಶ್ನೆ: ಹೊಡೆಯುವ ಕ್ಷಣದಲ್ಲಿ ನೋಟ ಬಿಳಿ ಚೆಂಡಿನ ಮೇಲಿರಬೇಕೋ ಬಣ್ಣದ ಚೆಂಡಿನ ಮೇಲೋ? — ಬೆಂಗಳೂರಿನ ಓದುಗರು

ಉತ್ತರ: ಸಾಮಾನ್ಯ ಹೊಡೆತಗಳಲ್ಲಿ ಬಣ್ಣದ ಚೆಂಡಿನ ಮೇಲೆ, ಬ್ರೇಕ್ (ಆಟ ಆರಂಭಿಸುವ) ಮತ್ತು ಜಂಪ್ (ಬಿಳಿ ಚೆಂಡನ್ನು ಹಾರಿಸುವ) ಹೊಡೆತಗಳಲ್ಲಿ ಅನೇಕರು ಬಿಳಿ ಚೆಂಡನ್ನೇ ನೋಡುತ್ತಾರೆ, ಏಕೆಂದರೆ ಅಲ್ಲಿ ಕ್ಯೂವಿನ ತುದಿಯಾದ ಟಿಪ್ ಎಲ್ಲಿ ತಾಗುತ್ತದೆ ಎಂಬುದೇ ಮುಖ್ಯ. ಆದರೆ ಎಲ್ಲಿ ಎಂಬುದರಷ್ಟೇ ಎಷ್ಟು ಹೊತ್ತು ಎಂಬುದೂ ಮುಖ್ಯ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್, ಚಲನೆ ಶುರುವಾಗುವ ಮುನ್ನ ನೋಟ ಒಂದೇ ಕಡೆ ನೆಲೆಸುವ ಕೊನೆಯ ಅವಧಿಯನ್ನು ‘ಕ್ವಾಯಟ್ ಐ’ ಎಂದು ಕರೆದು ಬಹಳ ಆಟಗಳಲ್ಲಿ ಅಳೆದರು. 2002ರಲ್ಲಿ ಪ್ರಕಟವಾದ, ಬಿಲಿಯರ್ಡ್ಸ್ ಮೇಜಿನ ಮೇಲೆ ವಿಲಿಯಮ್ಸ್, ಸಿಂಗರ್ ಮತ್ತು ಫ್ರೆಲಿಕ್ ನಡೆಸಿದ ಅಧ್ಯಯನದಲ್ಲಿ, ಈ ಅವಧಿ ನುರಿತ ಆಟಗಾರರಲ್ಲಿ ಹೊಸಬರಿಗಿಂತ ದೀರ್ಘವಾಗಿತ್ತು, ಯಶಸ್ವಿ ಹೊಡೆತಗಳಲ್ಲಿ ತಪ್ಪಿದವುಗಳಿಗಿಂತ ದೀರ್ಘವಾಗಿತ್ತು, ಹೊಡೆತ ಕಠಿಣವಾದಷ್ಟೂ ಇನ್ನೂ ದೀರ್ಘವಾಯಿತು.

ಕ್ಯೂವನ್ನು ಹಿಂದೆ ಮುಂದೆ ಆಡಿಸುವಾಗ ನೋಟವೂ ಎರಡು ಚೆಂಡುಗಳ ನಡುವೆ ಓಡಾಡುವುದು ಸಹಜ. ಕೊನೆಯ ಸಲ ಕ್ಯೂ ಹಿಂದಕ್ಕೆಳೆಯುವ ಮುನ್ನ ಅದನ್ನು ಬಿಳಿ ಚೆಂಡಿನ ಹತ್ತಿರ ಒಂದು ಕ್ಷಣ ನಿಲ್ಲಿಸಿ, ನೋಟವನ್ನು ಗುರಿಯ ಬಿಂದುವಿಗೆ ಒಯ್ದು, ಬಿಳಿ ಚೆಂಡು ಅಲ್ಲಿ ಮುಟ್ಟುವವರೆಗೂ ಅದನ್ನು ಕದಲಿಸದಿರಿ. ನೋಡುತ್ತಿರುವುದು ಗುರಿಯನ್ನೋ ಅಥವಾ ಚೆಂಡಿನ ಮೇಲೆ ಬಿದ್ದ ದೀಪದ ಹೊಳಪನ್ನೋ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಆ ಹೊಳಪಿನ ಜಾಗ ದೀಪವೂ ನಿಮ್ಮ ತಲೆಯೂ ಇರುವ ಕಡೆಯನ್ನು ಅನುಸರಿಸಿ ಬದಲಾಗುವುದರಿಂದ, ಒಂದು ಪಾರ್ಲರ್‌ನಲ್ಲಿ ಅದನ್ನು ಗುರುತಾಗಿ ಹಿಡಿದು ಕಲಿತವರು ಬೇರೊಂದು ಪಾರ್ಲರ್‌ಗೆ ಹೋದಾಗ ಆಟ ಕೆಡುತ್ತದೆ.